ಮಿಡಿ ಫೈಲಿನ ಟೆಂಪೋ ಬದಲಾವಣೆ: ರೀಪರ್, ಕ್ಯೂಬೇಸ್, ಲೈವ್, ಲಾಜಿಕ್

ಮಿಡಿ ಫೈಲ್ ಎಂದರೆ ಧ್ವನಿಯಲ್ಲ, ಯಾವ ನೋಟು ಯಾವಾಗ ಎಂಬ ಸೂಚನೆಗಳ ಫೈಲ್. ಅದರೊಳಗಿನ ಟೆಂಪೋ (ವೇಗ) ಬದಲಾವಣೆ, ಹಾಡು ರೆಕಾರ್ಡ್ ಮಾಡಿ ಜೋಡಿಸುವ ಈ ನಾಲ್ಕು ಸಾಫ್ಟ್‌ವೇರ್‌ಗಳಿಗೆ ಸರಿಯಾಗಿ ಬರುತ್ತದೆಯೇ ಎಂದು ನೋಡಿದೆವು. ನಾಲ್ಕಕ್ಕೂ ಕೊಟ್ಟಿದ್ದು ಒಂದೇ ಫೈಲ್: ಟೈಪ್ 1 (ಟ್ರ್ಯಾಕುಗಳು ಬೇರೆ ಬೇರೆಯಾಗಿರುವ ಬಗೆ), 480 ಪಿಪಿಕ್ಯೂ (ಒಂದು ಕ್ವಾರ್ಟರ್ ನೋಟಿಗೆ 480 ಟಿಕ್), 4/4ರಲ್ಲಿ (ಬಾರಿಗೆ ನಾಲ್ಕು ಬೀಟ್) 24 ಬಾರ್. ಪಲ್ಲವಿಯ 8 ಬಾರ್ 120 ಬಿಪಿಎಂ (ನಿಮಿಷಕ್ಕೆ 120 ಬೀಟ್), ಚರಣದ 8 ಬಾರ್ 90, ಮುಕ್ತಾಯದ 8 ಬಾರ್ 60. ಲೆಕ್ಕ ಹಾಕಿದರೆ 16 + 21.33 + 32, ಒಟ್ಟು 69.33 ಸೆಕೆಂಡ್. ಟೆಂಪೋ ಬದಲಾವಣೆ ಬಿಟ್ಟುಹೋಗಿ ಎಲ್ಲವೂ 120ರಲ್ಲೇ ಓಡಿದರೆ 48 ಸೆಕೆಂಡಿಗೇ ಹಾಡು ಮುಗಿಯುತ್ತದೆ. ಕೇಳುವ ಮೊದಲು ಕೊನೆಯ ಬಾರ್ ಎಷ್ಟನೇ ಸೆಕೆಂಡಿಗೆ ಮುಗಿಯುತ್ತದೆ ಎಂದು ನೋಡಿದರೆ ಸಾಕು. ಗ್ರಿಡ್ ನಂಬಬೇಡಿ. ನೋಟುಗಳ ಜಾಗ ಟಿಕ್ ಲೆಕ್ಕದಲ್ಲಿರುವುದರಿಂದ ಟೆಂಪೋ ಬಂದರೂ ಬಾರದಿದ್ದರೂ ಅವು ಬಾರ್ ಗೆರೆಯ ಮೇಲೇ ನೆಟ್ಟಗೆ ಕೂತಿರುತ್ತವೆ.

ಇನ್ನೊಂದು ಮಾತು. ಫೈಲಿನೊಳಗೆ ಬಿಪಿಎಂ ಇರುವುದಿಲ್ಲ. ಒಂದು ಕ್ವಾರ್ಟರ್ ನೋಟಿಗೆ ಎಷ್ಟು ಮೈಕ್ರೋಸೆಕೆಂಡ್ ಎಂದು ಬರೆದಿರುತ್ತದೆ. 120ಕ್ಕೆ 5,00,000, 90ಕ್ಕೆ 6,66,667. ಹಾಗಾಗಿ ಎಲ್ಲಾದರೂ 89.9999 ಎಂದು ಕಂಡರೆ ಅದು ದೋಷವಲ್ಲ, ತಿದ್ದಲು ಹೋಗಬೇಡಿ. ನಿಧಾನವಾಗಿ ಇಳಿಯುವ ಟೆಂಪೋ ಎಂಬುದೂ ಮಿಡಿ ಫೈಲಿನಲ್ಲಿ ಇಲ್ಲ. ಇಳಿಜಾರು ಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಾರು ಬಿಂದುಗಳು ಬರುತ್ತವೆ.

ರೀಪರ್‌ನಲ್ಲಿ ಫೈಲ್ ಎಳೆದು ಹಾಕಿದ ಕೂಡಲೇ ಒಂದು ಕಿಟಕಿ ತೆರೆದು, ಟ್ರ್ಯಾಕುಗಳನ್ನು ಬಿಡಿಸಬೇಕೇ, ಫೈಲಿನ ಟೆಂಪೋ ಮ್ಯಾಪನ್ನು (ಎಲ್ಲೆಲ್ಲಿ ಯಾವ ಟೆಂಪೋ ಎಂಬ ಪಟ್ಟಿಯನ್ನು) ಪ್ರಾಜೆಕ್ಟಿಗೆ ಸೇರಿಸಬೇಕೇ ಎಂದು ಕೇಳುತ್ತದೆ. ಎರಡಕ್ಕೂ ಹೌದು ಎಂದರೆ ರೂಲರ್ ಮೇಲೆ ಮೂರು ಟೆಂಪೋ ಮಾರ್ಕರ್ ಬರುತ್ತವೆ, ಉದ್ದ 69.33. ಎಡವುವುದು ಎಲ್ಲಿ ಎಂದರೆ, ಫೈಲ್ ಬಿದ್ದ ಜಾಗದಿಂದಲೇ ಮ್ಯಾಪ್ ಶುರುವಾಗುತ್ತದೆ. 5ನೇ ಬಾರಿನಲ್ಲಿ ಬಿಟ್ಟರೆ ಮಾರ್ಕರುಗಳೂ ನಾಲ್ಕು ಬಾರ್ ಮುಂದೆ ಹೋಗುತ್ತವೆ. ಮೊದಲೇ ರೆಕಾರ್ಡ್ ಮಾಡಿದ ಗಾಯನ ಪ್ರಾಜೆಕ್ಟಿನಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಟೈಮ್‌ಬೇಸ್ (ಆಡಿಯೋ ಬೀಟಿಗೆ ಅಂಟಿರಬೇಕೇ, ಸೆಕೆಂಡಿಗೆ ಅಂಟಿರಬೇಕೇ ಎಂಬ ಆಯ್ಕೆ) 'ಬೀಟ್ಸ್' ಆಗಿದ್ದರೆ ಟೆಂಪೋ ಜೊತೆ ಆಡಿಯೋವೂ ಹಿಗ್ಗುತ್ತದೆ, ಚರಣದಲ್ಲಿ ದನಿ ಎಳೆದಂತೆ ಕೇಳುತ್ತದೆ. ಆ ಟ್ರ್ಯಾಕಿನ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ಟೈಮ್‌ಬೇಸ್ ಒಂದನ್ನೇ 'ಟೈಮ್' ಮಾಡಿ, ಆಮೇಲೆ ಮಿಡಿ ತನ್ನಿ. ಟ್ರ್ಯಾಕಿಗೊಂದು ಟೈಮ್‌ಬೇಸ್ ಕೊಡುವ ಈ ಸೌಲಭ್ಯಕ್ಕಾಗಿಯೇ ನಮ್ಮ ಮೊದಲ ಆಯ್ಕೆ ರೀಪರ್.

ಕ್ಯೂಬೇಸ್ ಇದನ್ನು ಅಷ್ಟೇ ಚೆನ್ನಾಗಿ ಮಾಡುತ್ತದೆ, ಆದರೆ ಗುಂಡಿ ಇರುವುದು ಮೂಲೆಯಲ್ಲಿ. ಪ್ರಿಫರೆನ್ಸಸ್, ಮಿಡಿ, ಮಿಡಿ ಫೈಲ್ ಪುಟದಲ್ಲಿ 'ಇಗ್ನೋರ್ ಮಾಸ್ಟರ್ ಟ್ರ್ಯಾಕ್ ಈವೆಂಟ್ಸ್ ಆನ್ ಮರ್ಜ್' ಎಂಬ ಆಯ್ಕೆ ಇದೆ. ಅಲ್ಲಿ ಟಿಕ್ ಇದ್ದರೆ ತೆರೆದಿರುವ ಪ್ರಾಜೆಕ್ಟಿಗೆ ಫೈಲ್ ತಂದಾಗ ಟೆಂಪೋ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ಉದ್ದ 48. ಟಿಕ್ ತೆಗೆದರೆ ಸರಿಹೋಗುತ್ತದೆ, ಆದರೆ ಪ್ರಾಜೆಕ್ಟಿನಲ್ಲಿ ನೀವೇ ಕೂರಿಸಿದ್ದ ಟೆಂಪೋ ಟ್ರ್ಯಾಕ್ ಬದಲಾಗುತ್ತದೆ. ತಂದ ಮೇಲೂ ಒಂದೇ ಟೆಂಪೋದಲ್ಲಿ ಓಡಿದರೆ ಟ್ರಾನ್ಸ್‌ಪೋರ್ಟ್ ಬಾರಿನಲ್ಲಿ (ಪ್ಲೇ, ಸ್ಟಾಪ್ ಗುಂಡಿಗಳಿರುವ ಪಟ್ಟಿಯಲ್ಲಿ) ಟೆಂಪೋ ಟ್ರ್ಯಾಕ್ ಚಾಲೂ ಇದೆಯೇ, ಫಿಕ್ಸೆಡ್‌ನಲ್ಲಿ ನಿಂತಿದೆಯೇ ನೋಡಿ. ಆಡಿಯೋ ಟ್ರ್ಯಾಕನ್ನು ಮೊದಲೇ ಲೀನಿಯರ್ (ಸೆಕೆಂಡಿಗೆ ಅಂಟಿರುವ) ಟೈಮ್‌ಬೇಸಿಗೆ ಹಾಕಿಟ್ಟರೆ ಗಾಯನ ಇದ್ದಲ್ಲೇ ಇರುತ್ತದೆ.

ಏಬಲ್ಟನ್ ಲೈವ್‌ನಲ್ಲಿ ಅರೇಂಜ್‌ಮೆಂಟ್ ವ್ಯೂಗೆ ಎಳೆದರೆ ಟೆಂಪೋ ಮತ್ತು ಟೈಮ್ ಸಿಗ್ನೇಚರ್ ಬೇಕೇ ಎಂದು ಕೇಳುತ್ತದೆ. ಹೌದು ಎಂದರೆ ಅದು ಟೆಂಪೋ ಆಟೊಮೇಷನ್ ಆಗಿ ಬರುತ್ತದೆ. ಖಾಲಿ ಸೆಟ್ಟಿಗೆ ಇಷ್ಟು ಸಾಕು. ಆಡಿಯೋ ಇದ್ದರೆ ವಾರ್ಪ್ (ಟೆಂಪೋಗೆ ತಕ್ಕಂತೆ ಆಡಿಯೋ ಹಿಗ್ಗಿಸಿ ಕುಗ್ಗಿಸುವ ಸೌಲಭ್ಯ) ಆಫ್ ಮಾಡಿ. ಆಫ್ ಮಾಡಿದರೆ ದನಿ ಹಿಗ್ಗುವುದಿಲ್ಲ ನಿಜ, ಆದರೆ ಕ್ಲಿಪ್ಪಿನ ಆರಂಭ ಬಾರಿಗೇ ಅಂಟಿರುತ್ತದೆ. 17ನೇ ಬಾರಿನಲ್ಲಿದ್ದ ತುಣುಕು 120ರ ಪ್ರಾಜೆಕ್ಟಿನಲ್ಲಿ 32ನೇ ಸೆಕೆಂಡಿಗೆ ಶುರುವಾಗುತ್ತಿದ್ದದ್ದು, ಮ್ಯಾಪ್ ಬಂದ ಮೇಲೆ 37.33ಕ್ಕೆ ಜಾರುತ್ತದೆ. ಗಾಯನವನ್ನು ಮೊದಲ ಬಾರಿನಿಂದ ಒಂದೇ ಉದ್ದ ಕ್ಲಿಪ್ ಮಾಡಿಟ್ಟರೆ ಈ ತಲೆನೋವಿಲ್ಲ. ಲೈವ್‌ನಿಂದ ಮಿಡಿ ಕ್ಲಿಪ್ ಎಕ್ಸ್‌ಪೋರ್ಟ್ ಮಾಡಿದಾಗ ಟೆಂಪೋ ಬದಲಾವಣೆ ಹೊರಗೆ ಹೋಗುವುದಿಲ್ಲ ಎಂಬುದೂ ಗಮನದಲ್ಲಿರಲಿ.

ಲಾಜಿಕ್ ಕೂಡ ಫೈಲ್ ಎಳೆದಾಗ ಟೆಂಪೋ ಬೇಕೇ ಎಂದು ಕೇಳುತ್ತದೆ. ಹೌದು ಎನ್ನುವ ಮೊದಲು ಆಡಿಯೋ ರೀಜನ್‌ಗಳನ್ನು ಎಸ್‌ಎಂಪಿಟಿಇ ಸ್ಥಾನಕ್ಕೆ (ಬಾರಿಗಲ್ಲ, ಗಡಿಯಾರದ ಸಮಯಕ್ಕೆ) ಲಾಕ್ ಮಾಡಿ, ಫ್ಲೆಕ್ಸ್ ಆಂಡ್ ಫಾಲೋ (ಟೆಂಪೋ ಜೊತೆ ಆಡಿಯೋ ಹಿಗ್ಗಿಸುವ ಆಯ್ಕೆ) ಆಫ್ ಇಡಿ.

ನಿಮ್ಮ ಫೈಲ್ ಎಲ್ಲದರಲ್ಲೂ ಒಂದೇ ಟೆಂಪೋ ತೋರಿಸಿದರೆ ಖಾಲಿ ಪ್ರಾಜೆಕ್ಟಿನಲ್ಲಿ ತೆರೆದು ನೋಡಿ. ಅಲ್ಲೂ ಹಾಗೇ ಇದ್ದರೆ ಫೈಲಿನಲ್ಲೇ ಟೆಂಪೋ ಇಲ್ಲ. ಟೈಪ್ 1ರಲ್ಲಿ ಅದು ಇರಬೇಕಾದದ್ದು ಮೊದಲ ಟ್ರ್ಯಾಕಿನಲ್ಲಿ. ಖಾಲಿ ಟ್ರ್ಯಾಕ್ ಎಂದುಕೊಂಡು ಯಾರೋ ಅದನ್ನೇ ಅಳಿಸಿ ಸೇವ್ ಮಾಡಿರಬಹುದು.