ಹೊಸ ಲ್ಯಾಪ್‌ಟಾಪಿಗೆ ಹಳೇ ವಿಂಡೋಸ್: ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿ

ಕೊಪ್ಪಿಕರ್ ರಸ್ತೆಯ ಒಳಗಲ್ಲಿಯಲ್ಲಿರುವ ಈ ಪುಟ್ಟ ಅಂಗಡಿಯಲ್ಲಿ ವಿಂಡೋಸ್ 11 ತೆಗೆದು 10 ಹಾಕಿಕೊಡಲು 600 ರೂಪಾಯಿ. ‘ಸಂಜಿಗೆ ಒಯ್ರಿ’ ಅಂತಾರೆ, ಸಂಜೆಗೇ ಕೊಡುತ್ತಾರೆ. ಕೈಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ತಕರಾರು ಏನಿದ್ದರೂ ಕೆಲಸಕ್ಕೆ ಮೊದಲು ಅವರು ಕೇಳದೆ ಬಿಡುವ ಮಾತುಗಳದ್ದು.

ಮೊದಲು ಕೈಕೆಲಸ. 11ನೇ ತಲೆಮಾರಿನಿಂದ ಈಚೆಗಿನ ಅನೇಕ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 10ರ ಪೆನ್‌ಡ್ರೈವ್ ಹಾಕಿದರೆ ಡಿಸ್ಕ್ ಆರಿಸುವ ಪರದೆ ಖಾಲಿ ಬರುತ್ತದೆ. ಅರೆಬರೆ ಕಲಿತವರು ‘ಎಸ್‌ಎಸ್‌ಡಿ ಕಾಣವಲ್ದು, ಹೋಗೇತಿ ನೋಡ್ರಿ’ ಅಂದುಬಿಡುತ್ತಾರೆ. ಎಲ್ಲೂ ಹೋಗಿರುವುದಿಲ್ಲ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಯಂತ್ರದ ಮೂಲ ಸೆಟ್ಟಿಂಗ್‌ನಲ್ಲಿ, ವಿಎಂಡಿ ಎಂಬ ಇಂಟೆಲ್‌ನ ಡಿಸ್ಕ್ ನಿಯಂತ್ರಕ ಆನ್ ಇರುತ್ತದೆ, ಡಿಸ್ಕ್ ಅದರ ಹಿಂದೆ ಅಡಗಿರುತ್ತದೆ, ಅದನ್ನು ವಿಂಡೋಸ್‌ಗೆ ಗುರುತು ಹಿಡಿಸುವ ಡ್ರೈವರ್ ತಂತ್ರಾಂಶ ಸೆಟಪ್‌ನಲ್ಲಿ ಇರುವುದಿಲ್ಲ. ಈ ಅಂಗಡಿಯ ಹುಡುಗರು ಇಂಟೆಲ್ ರ್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಅದೇ ಪೆನ್‌ಡ್ರೈವಿನ ಒಂದು ಫೋಲ್ಡರಿನಲ್ಲಿ ಬಿಚ್ಚಿಟ್ಟುಕೊಂಡಿರುತ್ತಾರೆ. ‘ಲೋಡ್ ಡ್ರೈವರ್’ ಒತ್ತಿ ಐಎನ್‌ಎಫ್ ಫೈಲ್ ತೋರಿಸಿದರೆ ಡಿಸ್ಕ್ ಹಾಜರ್. ವಿಎಂಡಿ ಆಫ್ ಮಾಡಿದರೂ ನಡೆಯುತ್ತದೆ, ಆದರೆ ಎಲ್ಲ ಬಯಾಸ್‌ಗಳಲ್ಲಿ ಆ ಆಯ್ಕೆ ಸಿಗುವುದಿಲ್ಲ.

ಮನೆಯಲ್ಲೇ ಮಾಡಿಕೊಳ್ಳುವವರಿಗೆ 8 ಜಿಬಿ ಪೆನ್‌ಡ್ರೈವ್ ಸಾಕು. ಪೆನ್‌ಡ್ರೈವನ್ನು ಬೂಟ್ ಆಗುವಂತೆ ಮಾಡುವ ರೂಫಸ್ ಎಂಬ ಪ್ರೋಗ್ರಾಂನಲ್ಲಿ ಜಿಪಿಟಿ (ಡಿಸ್ಕ್ ಭಾಗ ಮಾಡುವ ಹೊಸ ಪದ್ಧತಿ), ಯುಇಎಫ್‌ಐ (ಹೊಸ ಬಗೆಯ ಬಯಾಸ್) ಆರಿಸಬೇಕು. ಲೆಗಸಿ ಬೂಟ್‌ಗೆಂದು, ಅಂದರೆ ಹಳೇ ಬಗೆಯ ಬಯಾಸ್‌ಗೆಂದು, ಮಾಡಿಟ್ಟ ಹಳೇ ಪೆನ್‌ಡ್ರೈವ್ ಹೊಸ ಯಂತ್ರದಲ್ಲಿ ಏಳುವುದಿಲ್ಲ. ಇನ್‌ಸ್ಟಾಲ್ ಆದ ಮೇಲೆ ಎಷ್ಟೋ ಸಲ ವೈಫೈ ಡ್ರೈವರೇ ಇರುವುದಿಲ್ಲ, ಅದನ್ನು ಇಳಿಸಿಕೊಳ್ಳಲು ನೆಟ್ಟೂ ಇರುವುದಿಲ್ಲ. ಆಂಡ್ರಾಯ್ಡ್ ಫೋನಿಗೆ ಕೇಬಲ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಕೊಟ್ಟರೆ ಆ ಗಂಟು ಬಿಡುತ್ತದೆ. ಅಂಗಡಿಯವರು ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರ್ ಇಲ್ಲ ಎನ್ನುವ ಹಳದಿ ಗುರುತು ಒಂದೂ ಉಳಿಯದ ಹಾಗೆ ಮಾಡಿ ಕೊಡುತ್ತಾರೆ.

ಇನ್ನು ಕೇಳದೆ ಬಿಡುವ ಮಾತುಗಳು. ‘ಡಿ ಡ್ರೈವ್ ಹಂಗ ಇರ್ಲಿ’ ಎಂದ ಗಿರಾಕಿಯ ಡಿ ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ (ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿದ್ದರೆ), ಹೊಸದಾಗಿ ಹಾಕಿದ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಆ ಕೀ ಗಿರಾಕಿಯ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಅದರ ಪಾಸ್‌ವರ್ಡೇ ನೆನಪಿಲ್ಲದಿದ್ದರೆ ಡೇಟಾ ಹೋದಂತೆಯೇ. ಡಿಸ್ಕ್ ಒರೆಸುವ ಮೊದಲು ಎನ್‌ಕ್ರಿಪ್ಷನ್ ಆಫ್ ಮಾಡಿ, ಡೇಟಾವನ್ನು ಬೇರೆ ಕಡೆ ಇಳಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ಜೊತೆ ಬಂದ ಎಂಎಸ್ ಆಫೀಸನ್ನೂ ಆಗಲೇ ಮೈಕ್ರೋಸಾಫ್ಟ್ ಅಕೌಂಟಿಗೆ ಸೇರಿಸಿಡಬೇಕು. ಕಂಪನಿಯ ರಿಕವರಿ ಪಾರ್ಟಿಷನ್ ಅಳಿಸುವ ಮುನ್ನ ಒಂದು 32 ಜಿಬಿ ಪೆನ್‌ಡ್ರೈವಿಗೆ ರಿಕವರಿ ಡ್ರೈವ್ ಮಾಡಿಟ್ಟುಕೊಂಡರೆ 11ಕ್ಕೆ ಮರಳುವ ದಾರಿ ಉಳಿಯುತ್ತದೆ. ಲೈಸೆನ್ಸ್ ವಿಷಯ: ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ 11 ಪ್ರೊಗೆ 10 ಪ್ರೊ ಹಾಕಿಕೊಳ್ಳುವ ಹಕ್ಕಿದೆ, ಹೋಮ್‌ಗೆ ಇಲ್ಲ. ಕೌಂಟರಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಹಳೇ ವಿಂಡೋಸ್ ಯಾತಕ್ಕೆ ಅನ್ನುವುದು. ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯವರು ಡಾಸ್ (ವಿಂಡೋಸ್‌ಗಿಂತ ಹಿಂದಿನ ವ್ಯವಸ್ಥೆ) ಕಾಲದ, ಫಾಕ್ಸ್‌ಪ್ರೊದಲ್ಲಿ ಬರೆದ ಲೆಕ್ಕದ ಪ್ರೋಗ್ರಾಂ ಓಡಿಸಲಿಕ್ಕೆ ಕೇಳುತ್ತಿದ್ದರೆ ಆ 600 ರೂಪಾಯಿ ನೀರಲ್ಲಿ ಹೋಮ. ಡಾಸ್ ಪ್ರೋಗ್ರಾಂ ನೇರವಾಗಿ ನಡೆಯುವುದು 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ. ಅಂಗಡಿಯವರು ಹಾಕುವುದು 64 ಬಿಟ್‌ನದು, ಅದೂ 11ರಂತೆಯೇ ಒಲ್ಲೆ ಅನ್ನುತ್ತದೆ. ಹಾಗಾದರೆ 32 ಬಿಟ್ ಹಾಕಿಸೋಣವೆಂದರೆ, ಹೊಸ ಲ್ಯಾಪ್‌ಟಾಪಿನ 64 ಬಿಟ್ ಯುಇಎಫ್‌ಐ ಅದನ್ನು ಬೂಟ್ ಮಾಡುವುದಿಲ್ಲ. ಇಂಥವರು 11 ಅನ್ನು ಹಾಗೇ ಬಿಟ್ಟು ಡಾಸ್ ಪ್ರೋಗ್ರಾಂ ಓಡಿಸುವ ವಿಡಾಸ್ ಎಂಬ ತಂತ್ರಾಂಶ ಹಾಕಿಸಿಕೊಳ್ಳಲಿ. ಅದರಿಂದ ವಿಂಡೋಸ್ ಪ್ರಿಂಟರಿಗೇ ಬಿಲ್ ಹೋಗುತ್ತದೆ.

10ರವರೆಗೆ ಮಾತ್ರ ಡ್ರೈವರ್ ಇರುವ ಹಳೇ ಪ್ಲಾಟರ್, ಸ್ಕ್ಯಾನರ್ ಇದ್ದವರಿಗೆ ಈ ಸೇವೆ ನಿಜಕ್ಕೂ ಉಪಯೋಗ. ಆದರೆ ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಆ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ಸ್ನ್ಯಾಪ್‌ಡ್ರಾಗನ್ ಎಕ್ಸ್ ಚಿಪ್‌ನ ಲ್ಯಾಪ್‌ಟಾಪ್ ಕೊಂಡವರು ಅಂಗಡಿಗೆ ಹೋಗುವುದೇ ದಂಡ, ಅದಕ್ಕೆ 10 ಕೂರುವುದಿಲ್ಲ.

ಹೋಗುವಾಗ ಚಾರ್ಜರ್ ಒಯ್ಯಿರಿ. ಬಯಾಸ್ ಅಪ್‌ಡೇಟ್ ಬೇಕಾಗಿ ಬಂದರೆ ಬರೀ ಬ್ಯಾಟರಿಯ ಮೇಲೆ ಅದು ಶುರುವಾಗುವುದಿಲ್ಲ, ಎಲ್ಲ ಕಂಪನಿಯ ಚಾರ್ಜರ್ ಅಂಗಡಿಯಲ್ಲಿ ಇರುವುದೂ ಇಲ್ಲ.