ತಜ್ಞರ ಭೇಟಿಗೆ ಕಾಯುವಾಗ ಥೈರಾಯ್ಡ್ ಪರೀಕ್ಷೆ: ಚಿಕ್ಕಮಗಳೂರಿನ ಒಂದು ಲ್ಯಾಬ್‌ನ ಸೇವೆ

ಚಿಕ್ಕಮಗಳೂರಿನ ಐ.ಜಿ. ರಸ್ತೆಗೆ ಹತ್ತಿರವಿರುವ ಒಂದು ರಕ್ತಪರೀಕ್ಷಾ ಕೇಂದ್ರದ ಸೇವೆಯನ್ನು ಕುರಿತು ಇದನ್ನು ಬರೆಯುತ್ತಿದ್ದೇನೆ. ಅಲ್ಲಿನ ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಹೆಸರು ಬರೆದಿಲ್ಲ. ನನ್ನ ನಾದಿನಿಗೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಿದೆ ಎಂದು ಗೊತ್ತಾದಾಗ, ನಮ್ಮ ವೈದ್ಯರು ಆ ಹಾರ್ಮೋನನ್ನು ತುಂಬಿಕೊಡುವ ಲೆವೊಥೈರಾಕ್ಸಿನ್ ಗುಳಿಗೆಯನ್ನು ಆರಂಭಿಸಿ, ಕತ್ತಿನ ಮುಂಭಾಗ ಸ್ವಲ್ಪ ಊದಿಕೊಂಡಿರುವುದರಿಂದ ಒಮ್ಮೆ ಹಾರ್ಮೋನ್ ತಜ್ಞರಿಗೂ ತೋರಿಸುವುದು ಒಳ್ಳೆಯದೆಂದು ಮೈಸೂರಿಗೆ ಚೀಟಿ ಬರೆದುಕೊಟ್ಟರು. ತಜ್ಞರ ಭೇಟಿಗೆ ಸಿಕ್ಕ ದಿನಾಂಕವೋ ತಿಂಗಳುಗಳಾಚೆಯದು. ಅಲ್ಲಿಯವರೆಗೆ ಗುಳಿಗೆಯ ಪ್ರಮಾಣವನ್ನು ನಮ್ಮ ವೈದ್ಯರೇ ನೋಡಿಕೊಳ್ಳಬೇಕಿತ್ತು, ಮತ್ತು ಅವರು ನಿರ್ಧಾರ ತೆಗೆದುಕೊಳ್ಳುತ್ತಿದ್ದುದು ಈ ಲ್ಯಾಬ್ ಕೊಡುವ ಅಂಕಿಗಳ ಮೇಲೆ. ಹಾಗಾಗಿ ಅಂಕಿ ಎಷ್ಟು ಬಂತು ಎಂಬುದರಷ್ಟೇ, ಆ ರಕ್ತವನ್ನು ಯಾವಾಗ, ಹೇಗೆ ತೆಗೆದರು ಎಂಬುದೂ ಮುಖ್ಯ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಈ ವಿಷಯದಲ್ಲಿ ಲ್ಯಾಬ್‌ನ ರಕ್ತ ತೆಗೆಯುವ ಹುಡುಗಿಗೆ ಪೂರ್ಣ ಅಂಕ ಕೊಡುತ್ತೇನೆ. ತೋಳಿಗೆ ರಬ್ಬರ್ ಪಟ್ಟಿ ಬಿಗಿಯುವ ಮೊದಲೇ ಆಕೆ, “ಅಕ್ಕಾ, ಇವತ್ತಿನ ಥೈರಾಯ್ಡ್ ಗುಳಿಗೆ ನುಂಗಿದ್ದೀರಾ?” ಎಂದು ಕೇಳಿದಳು. ಗುಳಿಗೆ ನುಂಗಿದ ಕೆಲವು ಗಂಟೆಗಳ ಕಾಲ ರಕ್ತದಲ್ಲಿ ಫ್ರೀ ಟಿ4 (ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನ್) ಏರಿರುವುದರಿಂದ, ಮೊದಲು ರಕ್ತ ಕೊಟ್ಟು ಆಮೇಲೆ ಗುಳಿಗೆ ತೆಗೆದುಕೊಳ್ಳುವುದು ಸರಿಯಾದ ಕ್ರಮ. ಎರಡನೆಯ ಪ್ರಶ್ನೆಯನ್ನು ಬೇರೆಲ್ಲೂ ಯಾರೂ ನಮ್ಮನ್ನು ಕೇಳಿರಲಿಲ್ಲ: “ಕೂದಲಿಗೆ, ಉಗುರಿಗೆ ಅಂತ ಏನಾದ್ರೂ ಮಾತ್ರೆ ತಗೋತಿದೀರಾ?” ನಾದಿನಿ ಬ್ಯಾಗಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು ತೋರಿಸಿದಳು. ಹುಡುಗಿ ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಸಣ್ಣ ಅಕ್ಷರದಲ್ಲಿ ಬಯೋಟಿನ್ (ಒಂದು ಬಿ ವಿಟಮಿನ್) ಎಂದಿದ್ದ ಜಾಗದ ಮೇಲೆ ಬೆರಳಿಟ್ಟು, ಇದನ್ನು ಮೂರು ದಿನ ನಿಲ್ಲಿಸಿ ಬನ್ನಿ ಎಂದು ಹೇಳಿ, ಕಟ್ಟಿಸಿಕೊಂಡಿದ್ದ ಹಣವನ್ನು ವಾಪಸ್ ಕೊಡಿಸಿದಳು. ಥೈರಾಯ್ಡ್ ತೊಂದರೆಯಿರುವವರಲ್ಲಿ ಕೂದಲು ಉದುರುವುದು ಸಾಮಾನ್ಯ. ಹಾಗೆ ಉದುರಿದಾಗ ಬಯೋಟಿನ್ ನುಂಗುವುದೂ ಅಷ್ಟೇ ಸಾಮಾನ್ಯ. ಹಲವು ಯಂತ್ರಗಳ ಪರೀಕ್ಷಾ ವಿಧಾನದಲ್ಲಿ ಬಯೋಟಿನ್ ಅಡ್ಡ ಬಂದು, ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ, ಅದರ ಹಾರ್ಮೋನ್ ಸಾಲದಿದ್ದಾಗ ಏರುವ ಇನ್ನೊಂದು ಹಾರ್ಮೋನ್) ಇರುವುದಕ್ಕಿಂತ ಕಡಿಮೆಯಾಗಿಯೂ ಫ್ರೀ ಟಿ4 ಹೆಚ್ಚಾಗಿಯೂ ಕಾಣಬಹುದು. ಅಂಥ ವರದಿಯನ್ನು ನಂಬಿದ ವೈದ್ಯರು ಬೇಕಾದ ಗುಳಿಗೆಯನ್ನೇ ಕಡಿಮೆ ಮಾಡಿಬಿಡುವ ಅಪಾಯವಿದೆ.

ಟಿಎಸ್‌ಎಚ್ ದಿನದುದ್ದಕ್ಕೂ ಒಂದೇ ಮಟ್ಟದಲ್ಲಿರುವುದಿಲ್ಲ; ರಾತ್ರಿ ಮತ್ತು ನಸುಕಿನಲ್ಲಿ ಏರಿ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಬೆಳಿಗ್ಗೆ ಬೇಗ ಬಾಗಿಲು ತೆರೆಯುವ ಈ ಲ್ಯಾಬ್‌ನಲ್ಲಿ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ರಕ್ತ ಕೊಡಲು ಸಾಧ್ಯವಾಯಿತು. ವರದಿ ಅದೇ ಸಂಜೆ ವಾಟ್ಸ್ಆ್ಯಪ್‌ಗೆ ಬರುತ್ತದೆ. ಅದರಲ್ಲಿ ಪರೀಕ್ಷಾ ವಿಧಾನದ ಹೆಸರು, ಆ ವಿಧಾನಕ್ಕೆ ಹೊಂದುವ ಸಾಮಾನ್ಯ ಮಿತಿ, ಹಿಂದಿನ ಫಲಿತಾಂಶಗಳು ಎಲ್ಲವೂ ಒಂದೇ ಪುಟದಲ್ಲಿರುತ್ತವೆ; ಲ್ಯಾಬ್‌ಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆಯ ಗುರುತೂ ಇದೆ. ಒಂದು ಲ್ಯಾಬ್‌ನ ಯಂತ್ರಕ್ಕೂ ಇನ್ನೊಂದರ ಯಂತ್ರಕ್ಕೂ ಅಂಕಿಗಳು ತುಸು ವ್ಯತ್ಯಾಸವಾಗುವುದರಿಂದ, ರಿಯಾಯಿತಿಗಾಗಿ ಪ್ರತಿ ಸಲವೂ ಬೇರೆ ಬೇರೆ ಕಡೆ ಪರೀಕ್ಷೆ ಮಾಡಿಸುವುದು ಈ ಕಾಯಿಲೆಯ ಮಟ್ಟಿಗೆ ಉಳಿತಾಯವಲ್ಲ.

ನಮ್ಮೂರಿನ ಕಾಫಿಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಎದ್ದ ಕೂಡಲೇ ಕಾಫಿ ಕುಡಿಯುವ ಮನೆಗಳಲ್ಲಿ ಥೈರಾಯ್ಡ್ ಗುಳಿಗೆಯನ್ನು ಕಾಫಿಯ ಜೊತೆಗೋ ಅದರ ಬೆನ್ನಿಗೋ ನುಂಗುವವರು ಬಹಳ ಮಂದಿ. ಕಾಫಿಯಿಂದ ಗುಳಿಗೆ ಹೊಟ್ಟೆಯಲ್ಲಿ ಹೀರಿಕೊಳ್ಳುವ ಪ್ರಮಾಣ ತಗ್ಗುತ್ತದೆ. ಟಿಎಸ್‌ಎಚ್ ಇಳಿಯದಿದ್ದಾಗ ಗುಳಿಗೆ ಸಾಲುತ್ತಿಲ್ಲವೆಂದು ತೋರುತ್ತದೆ. ಬರೀ ನೀರಿನಲ್ಲಿ, ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬಹುದು. ಅದು ಆಗದವರು ವೈದ್ಯರನ್ನು ಕೇಳಿ, ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಲಗುವಾಗ ತೆಗೆದುಕೊಳ್ಳಬಹುದು. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಗಳ ಅಂತರ ಬೇಕು. ಈ ಸೂಚನೆಗಳನ್ನೆಲ್ಲ ಲ್ಯಾಬ್‌ನ ಗೋಡೆಯ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದಾರೆ. ವಯಸ್ಸಾದವರೊಬ್ಬರು ಅದರ ಮುಂದೆ ನಿಂತು, ಮಗನಿಂದ ಫೋಟೋ ತೆಗೆಸಿಕೊಳ್ಳುತ್ತಿದ್ದುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ಇನ್ನು ಕೊರತೆಗಳು. ಕೌಂಟರಿನಲ್ಲಿ ಥೈರಾಯ್ಡ್ ಪ್ರೊಫೈಲ್ ಎಂದರೆ ಟೋಟಲ್ ಟಿ3, ಟೋಟಲ್ ಟಿ4 (ಪ್ರೋಟೀನಿಗೆ ಅಂಟಿರುವುದನ್ನೂ ಸೇರಿಸಿ ಅಳೆದ ಎರಡು ಥೈರಾಯ್ಡ್ ಹಾರ್ಮೋನ್‌ಗಳ ಮಟ್ಟ) ಮತ್ತು ಟಿಎಸ್‌ಎಚ್ ಮಾತ್ರ. ವೈದ್ಯರಿಗೆ ಹೆಚ್ಚು ಉಪಯುಕ್ತವಾದ ಫ್ರೀ ಟಿ4 ಅನ್ನು ಬೇರೆಯಾಗಿ ಕೇಳಬೇಕು. ಗರ್ಭಿಣಿಯರಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಟೋಟಲ್ ಟಿ4 ಸಹಜವಾಗಿಯೇ ಏರಿರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಆ್ಯಂಟಿ-ಟಿಪಿಒ ಪರೀಕ್ಷೆ (ಥೈರಾಯ್ಡ್ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯಗಳ ಪರೀಕ್ಷೆ) ಒಮ್ಮೆ ಪಾಸಿಟಿವ್ ಬಂದ ಮೇಲೆ ಅದನ್ನು ಮತ್ತೆ ಮತ್ತೆ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ; ಆದರೂ ಪ್ಯಾಕೇಜಿನಲ್ಲಿ ಅದನ್ನು ಸೇರಿಸಿಯೇ ಹೇಳುತ್ತಾರೆ. ನನಗೆ ನಿಜವಾಗಿ ಬೇಸರವಾದದ್ದು, ವರದಿ ಕೊಡುವಾತ ನಾದಿನಿಗೆ, “ಟಿಎಸ್‌ಎಚ್ ಇನ್ನೂ ಜಾಸ್ತಿ ಇದೆ ಮೇಡಂ, ಡೋಸ್ ಏರಿಸ್ಕೊಳ್ಳಿ” ಎಂದದ್ದು. ಲೆವೊಥೈರಾಕ್ಸಿನ್‌ನ ಅರ್ಧ ಭಾಗ ದೇಹದಿಂದ ಹೊರಹೋಗಲು ಸುಮಾರು ಒಂದು ವಾರ ಬೇಕು, ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಆದ್ದರಿಂದಲೇ ಪ್ರಮಾಣ ಬದಲಿಸಿದ ಆರರಿಂದ ಎಂಟು ವಾರಗಳ ನಂತರ ಪರೀಕ್ಷಿಸುತ್ತಾರೆ. ಅದಕ್ಕೂ ಮೊದಲು ಬಂದ ಅಂಕಿಯನ್ನು ನೋಡಿ ಗುಳಿಗೆ ಏರಿಸಿಕೊಂಡರೆ, ಎದೆಬಡಿತ ಹೆಚ್ಚಾಗಿ ನಿದ್ದೆ ಕೆಡುವ ಸ್ಥಿತಿ ಬರಬಹುದು; ಹೃದ್ರೋಗವಿರುವ ಹಿರಿಯರಿಗಂತೂ ಇದು ಅಪಾಯಕರ.

ಅದೇ ಕೌಂಟರಿನ ಮೇಲೆ ಥೈರಾಯ್ಡ್‌ಗೆ ಒಳ್ಳೆಯದೆಂದು ಬರೆದ, ಅಯೋಡಿನ್ ಸೇರಿಸಿದ ಪುಡಿಯ ಡಬ್ಬಿಗಳನ್ನೂ ಇಟ್ಟಿದ್ದಾರೆ. ಅಯೋಡಿನ್ ಕೊರತೆಯಿಂದ ಕತ್ತು ಊದುವ ಗಳಗಂಡದ ನೆನಪು ಮಲೆನಾಡಿನ ಹಿರಿಯರಲ್ಲಿ ಇನ್ನೂ ಇರುವುದರಿಂದ ಅಯೋಡಿನ್ ಎಂದರೆ ಜನ ತಕ್ಷಣ ಒಪ್ಪುತ್ತಾರೆ. 1962ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ್ದು ಅಯೋಡಿನ್ ಕೊರತೆಯನ್ನು ನೀಗಿಸಲು. ಈಗ ಅಡುಗೆಗೆ ಅಯೋಡಿನ್ ಉಪ್ಪು ಬಳಸುವ ಮನೆಯವರಿಗೆ ಸಾಮಾನ್ಯವಾಗಿ ಅಷ್ಟೇ ಸಾಕು. ಹಾಶಿಮೊಟೊ ಎಂಬ, ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ಎರಗುವ ಕಾಯಿಲೆಯಲ್ಲಿ ಅತಿಯಾದ ಅಯೋಡಿನ್ ತೊಂದರೆಯನ್ನು ಹೆಚ್ಚಿಸಲೂಬಹುದು. ರಕ್ತಪರೀಕ್ಷೆ ಮಾಡುವ ಜಾಗದಲ್ಲಿ ಇಂಥ ಡಬ್ಬಿಗಳನ್ನು ಮಾರಬಾರದು.

ಕಾಯುವ ಅವಧಿಯಲ್ಲಿ ಲ್ಯಾಬ್ ವರದಿಯೊಂದನ್ನೇ ನೆಚ್ಚಿಕೊಂಡು ಕೂರಬಾರದ ಸಂದರ್ಭಗಳಿವೆ. ಗರ್ಭ ನಿಂತಿದೆ ಎಂದು ತಿಳಿದ ದಿನವೇ ವೈದ್ಯರಿಗೆ ಹೇಳಬೇಕು, ಏಕೆಂದರೆ ಆಗ ಗುಳಿಗೆಯ ಪ್ರಮಾಣ ಸಾಮಾನ್ಯವಾಗಿ ಏರಬೇಕಾಗುತ್ತದೆ. ಕತ್ತಿನ ಗಂಟು ಬೇಗ ಬೆಳೆದರೆ, ಧ್ವನಿ ಬದಲಾದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಮಂಪರು ಕವಿದು ಮೈ ತಣ್ಣಗಾದರೆ ತಜ್ಞರ ದಿನಾಂಕಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್ ಹಾರ್ಮೋನ್ ಮಿತಿಮೀರಿ, ಅದನ್ನು ತಗ್ಗಿಸುವ ಕಾರ್ಬಿಮಜೋಲ್ ನುಂಗುತ್ತಿರುವವರಿಗೆ ಜ್ವರ ಅಥವಾ ಗಂಟಲುನೋವು ಬಂದರೆ, ಆ ಗುಳಿಗೆಯಿಂದ ಅಪರೂಪಕ್ಕೆ ಬಿಳಿಕಣಗಳು ಕುಸಿಯಬಹುದಾದ್ದರಿಂದ, ಅದೇ ದಿನ ರಕ್ತದ ಬಿಳಿಕಣಗಳ ಪರೀಕ್ಷೆ ಆಗಬೇಕು.

ಮನೆಗೇ ಬಂದು ರಕ್ತ ತೆಗೆಯುವ ಸೌಲಭ್ಯ ಪೇಟೆಯೊಳಗೆ ಮಾತ್ರ ಇದೆ. ತೋಟದ ಮನೆಗಳಿಗೆ ಬರುವುದಿಲ್ಲ, ಇದು ಮಲೆನಾಡಿನ ಲ್ಯಾಬ್‌ಗೆ ದೊಡ್ಡ ಕೊರತೆಯೇ. ಇಷ್ಟಾದರೂ ರಕ್ತ ತೆಗೆಯುವ ಶಿಸ್ತಿಗಾಗಿ ಮತ್ತು ವರದಿಯ ಸ್ಪಷ್ಟತೆಗಾಗಿ ನಾವು ಇಲ್ಲಿಗೇ ಹೋಗುತ್ತೇವೆ. ಹೋಗುವವರು ಬೇಕಾದ ಪರೀಕ್ಷೆಗಳ ಹೆಸರನ್ನು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿಕೊಂಡು, ತಾವು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಜೊತೆಗೆ ಒಯ್ಯಿರಿ.