ಹೋಮ್ ಮೂವೀಸ್ ನೋಡೋದಾ, ಬಾಬ್ಸ್ ಬರ್ಗರ್ಸಾ?

ಎರಡೂ ಅಮೆರಿಕದ ಕಾರ್ಟೂನ್ ಸರಣಿಗಳು, ಎರಡರ ಹಿಂದೆಯೂ ಲೋರೆನ್ ಬುಶಾರ್ಡ್ ಇದ್ದಾರೆ. 1999ರಲ್ಲಿ ಶುರುವಾದ 'ಹೋಮ್ ಮೂವೀಸ್'ನಲ್ಲಿ ಎಂಟು ವರ್ಷದ ಬ್ರೆಂಡನ್ ಗೆಳೆಯರನ್ನು ಕಟ್ಟಿಕೊಂಡು ಮನೆಯಲ್ಲೇ ಸಿನಿಮಾ ತೆಗೆಯುತ್ತಾನೆ. ಮೊದಲ ಸೀಸನ್‌ನಲ್ಲಿ ಚಿತ್ರದ ಗೆರೆಗಳು ಸದಾ ನಡುಗುತ್ತವೆ, ಕಣ್ಣಿಗೆ ಕಿರಿಕಿರಿ. ಆದರೆ ಮಜಾ ಇರುವುದು ಮಾತಿನಲ್ಲಿ. ಪೂರ್ತಿ ಬರೆದಿಟ್ಟ ಸಂಭಾಷಣೆ ಇರಲಿಲ್ಲ. ಕಲಾವಿದರು ಆ ಕ್ಷಣಕ್ಕೆ ಹೊಳೆದದ್ದನ್ನೇ ಆಡಿದರು. ತಡವರಿಕೆ, ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕುವುದು ಎಲ್ಲ ಹಾಗೇ ಉಳಿದಿದೆ. ಸೋಮಾರಿ ಕೋಚ್ ಮೆಕ್‌ಗರ್ಕ್ ಆ ಪುಟ್ಟ ಹುಡುಗನ ಹತ್ತಿರ ತನ್ನ ಗೋಳು ತೋಡಿಕೊಳ್ಳುವುದನ್ನು ಕೇಳಬೇಕು! ('ಬಾಬ್ಸ್ ಬರ್ಗರ್ಸ್'ನ ನಾಯಕ ಬಾಬ್‌ಗೂ ಅದೇ ದನಿ, ಜಾನ್ ಬೆಂಜಮಿನ್ ಅವರದು.)

2011ರ 'ಬಾಬ್ಸ್ ಬರ್ಗರ್ಸ್' ನೀಟು, ಹಾಡು ಜಾಸ್ತಿ. ಸುಮ್ನೆ ಊಟ ಮಾಡುತ್ತಾ ನೋಡಲು ಅದು ಸಾಕು. ಕಿವಿಗೊಟ್ಟು ಕೇಳುವ ತಾಳ್ಮೆ ಇದ್ದರೆ ಹೋಮ್ ಮೂವೀಸ್. ಇರುವುದೇ 52 ಕಂತು.